ಹೆಸರು ಸಿಗದ ಹಡಗಿಗೆ ಒಂದು ಹಿಡಿ ಮಣ್ಣು

ಅಥವಾ ಸಮುದ್ರದ ತಳದ ಆ ನೆರಳನ್ನು ಪರದೆಯ ಮೇಲೆ ಮೊದಲು ಕಂಡವನು ನಾನಲ್ಲವೇನೋ. ಇಷ್ಟು ವರ್ಷ ನಾನೇ ಎಂದು ಹೇಳಿಕೊಂಡು ಬಂದಿದ್ದೇನೆ. ಹೇಳಿದಾಗಲೆಲ್ಲ ಚಹಾದ ಲೋಟ ಕೆಳಗಿಟ್ಟದ್ದು, ಕುರ್ಚಿ ಹಿಂದಕ್ಕೆ ಸರಿಸಿ ಎದ್ದದ್ದು, ಕೂಗಿದ್ದು, ಒಂದೊಂದಾಗಿ ಬಂದು ಸೇರಿಕೊಂಡಿವೆ. ಆದರೆ ಹೋದ ವರ್ಷ ಫೋನಿನಲ್ಲಿ ಸಿಕ್ಕ ಹಳೆಯ ಜೊತೆಗಾರನೊಬ್ಬ ಅದೇ ಲೋಟ, ಅದೇ ಕುರ್ಚಿ, ಅದೇ ಕೂಗು ತನ್ನದು ಎಂದು ಹೇಳಿದ. ನಾವಿಬ್ಬರೂ ಸುಳ್ಳು ಹೇಳುವವರಲ್ಲ. ಒಂದು ಕೋಣೆಯಲ್ಲಿ ಕೆಲವರು ಒಂದೇ ಪರದೆಯನ್ನು ತಿಂಗಳುಗಟ್ಟಲೆ ನೋಡಿದರೆ ಯಾರ ಕಣ್ಣು ಯಾವುದು ಎಂಬುದು ಕಲಸಿಹೋಗುತ್ತದೆ. ಆದ್ದರಿಂದ ಇಲ್ಲಿ ‘ನಾನು ಕಂಡೆ’ ಎಂದು ಬರೆದಲ್ಲೆಲ್ಲ ‘ನಮ್ಮಲ್ಲಿ ಯಾರೋ ಕಂಡರು’ ಎಂದು ಓದಿಕೊಳ್ಳಿ.

ಇದನ್ನು ಬರೆಯುವುದಕ್ಕೆ ಕಾರಣ ಸಿಂಧನೂರಿನಲ್ಲಿ ನಮ್ಮ ಎದುರು ಮನೆಯ ಹುಡುಗಿ. ಅವಳ ತಂದೆ ಅಕ್ಕಿ ಗಿರಣಿಯಲ್ಲಿ ಮ್ಯಾನೇಜರ್. ಅವಳಿಗೆ ಸಮುದ್ರದ ಸರ್ವೆ ಮಾಡುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಪೇಢೆ ಕೊಡಲು ಬಂದವಳು ಕಟ್ಟೆಯ ಮೇಲೆ ಕುಳಿತು ಕೇಳಿದಳು.

“ಅಂಕಲ್, ನೀವು ಯುದ್ಧದಾಗ ಮುಳುಗಿದ ಹಡಗ ಹುಡುಕ್ತಿದ್ರಂತಲ್ರೀ. ಭಾರಿ ಮಜಾ ಇತ್ತೇನ್ರೀ?”

“ಮಜಾ ಇರಲಿಲ್ಲವ್ವಾ. ಬ್ಯಾಸರಿತ್ತು. ಬ್ಯಾಸರದಾಗೂ ಎಚ್ಚರ ಇದ್ದದ್ದಕ್ಕ ಪಗಾರ ಕೊಡ್ತಿದ್ರು.”

ಅವಳು ನಕ್ಕಳು, ನಂಬಲಿಲ್ಲ. ನಂಬಿಸಲು ಬರೆಯುತ್ತಿದ್ದೇನೆ.

ನಾನು ಮಸ್ಕಿಯವನು. ಅಪ್ಪನಿಗೆ ಹಳ್ಳದ ಆಚೆ ಕಪ್ಪು ಮಣ್ಣಿನ ಎರೆ ಹೊಲವಿತ್ತು. ಆಳ ಸಮುದ್ರದಲ್ಲಿ ನಾವು ಮಾಡುತ್ತಿದ್ದುದು ಹೆಚ್ಚುಕಡಿಮೆ ಅಪ್ಪ ಸಾಲುಸಾಲಾಗಿ ಬಿತ್ತಲು ಕೂರಿಗೆ ಹೊಡೆಯುತ್ತಿದ್ದ ಕೆಲಸವೇ. ಹಡಗಿನ ಹಿಂದೆ ಕಿಲೋಮೀಟರುಗಟ್ಟಲೆ ಉದ್ದದ ಕೇಬಲ್ಲು. ಅದರ ತುದಿಗೆ ಶಬ್ದ ಬಿಡುವ ಒಂದು ಯಂತ್ರ, ಸೋನಾರ್. ಅದನ್ನು ನಾವು ‘ಮೀನು’ ಎನ್ನುತ್ತಿದ್ದೆವು. ಮೀನು ತಳದ ಹತ್ತಿರ ತೇಲುತ್ತ ಎರಡೂ ಕಡೆಗೆ ಶಬ್ದ ಕಳಿಸುತ್ತದೆ, ತಿರುಗಿ ಬಂದ ಶಬ್ದದಿಂದ ಮೇಲೆ ಪರದೆಯಲ್ಲಿ ಚಿತ್ರ ಮೂಡುತ್ತದೆ. ತಳದಲ್ಲಿ ಏನಾದರೂ ಎದ್ದು ನಿಂತಿದ್ದರೆ ಅದರ ಹಿಂದೆ ಶಬ್ದ ಮುಟ್ಟದ ಜಾಗ ಕಪ್ಪಗೆ ಉಳಿಯುತ್ತದೆ. ಅದೇ ನೆರಳು. ವಸ್ತುವನ್ನು ನೋಡಬೇಡಿ, ನೆರಳನ್ನು ನೋಡಿ. ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದು. ಒಂದು ಸಾಲು ಮುಗಿಸಿ, ತಿರುಗಿ, ಪಕ್ಕದಲ್ಲಿ ಇನ್ನೊಂದು ಸಾಲು. ಎತ್ತು ತಿರುಗಿಸಲು ಅಪ್ಪನಿಗೆ ಒಂದು ಕೂಗು ಸಾಕಿತ್ತು. ನಮಗೆ ಕೇಬಲ್ಲಿನ ಉದ್ದದಿಂದ ಅರ್ಧ ದಿನವೇ ಹೋಗುತ್ತಿತ್ತು. ಆ ಅರ್ಧ ದಿನ ಬಟ್ಟೆ ಒಗೆದುಕೊಳ್ಳುತ್ತಿದ್ದೆವು, ಕೇರಂ ಆಡುತ್ತಿದ್ದೆವು, ಮನೆಯ ಬಗ್ಗೆ ಸುಳ್ಳು ಹೇಳುತ್ತಿದ್ದೆವು.

ನಾನು ಸೇರಿದಾಗ ಪರದೆ ಇರಲಿಲ್ಲ, ಕಾಗದದ ಸುರುಳಿ ಇತ್ತು. ಸೂಜಿ ಕಾಗದವನ್ನು ಸುಡುತ್ತ ಚಿತ್ರ ಬರೆಯುತ್ತಿತ್ತು, ಕೋಣೆಯಲ್ಲೆಲ್ಲ ಸುಟ್ಟ ವಾಸನೆ. ನಿದ್ದೆ ಬಂದರೆ ಆ ವಾಸನೆಯೇ ಎಬ್ಬಿಸುತ್ತಿತ್ತು. ಆಮೇಲೆ ಪರದೆ ಬಂತು. ಈಗ ಕೇಬಲ್ಲೇ ಇಲ್ಲದ ಯಂತ್ರಗಳು ತಾವೇ ಹೋಗಿ, ಹುಡುಕಿ ಬರುತ್ತವೆ. ಇದು ಕಲ್ಲು, ಇದು ಕಬ್ಬಿಣ ಎಂದು ಕಂಪ್ಯೂಟರೇ ಗುರುತು ಹಾಕುತ್ತದೆ. ಒಳ್ಳೆಯದೇ. ಆದರೆ ಅನುಮಾನಪಡುವುದಕ್ಕೆ ಇನ್ನೂ ಒಬ್ಬ ಮನುಷ್ಯ ಬೇಕು.

ಅನುಮಾನ ಕಲಿಸಿದವರು ನಮ್ಮ ಮುಖ್ಯಸ್ಥ ಪರೇರಾ. ಗೋವಾ ಕಡೆಯವರು, ಹಿಂದಿ ಇಂಗ್ಲಿಷ್ ಬೆರೆಸಿ ಮಾತಾಡುತ್ತಿದ್ದರು. ಇಲ್ಲಿ ಅವರ ಬಾಯಿಗೆ ನಾನು ಕನ್ನಡ ಹಾಕುತ್ತಿದ್ದೇನೆ, ಅದೂ ಒಂದು ಮಟ್ಟಿಗೆ ಸುಳ್ಳೇ. ಒಮ್ಮೆ ಹಡಗಿನ ಉದ್ದಕ್ಕೆ ಸರಿಯಾದ, ಮೂತಿ ಚೂಪಾದ ಒಂದು ಆಕಾರ ಸಿಕ್ಕಿತು. ನಾವು ಕುಣಿದೆವು. ಮರುದಿನ ಅಡುಗೆಯವನು ತುಪ್ಪ ಸುರಿದು ಶಿರಾ ಮಾಡಿದ. ಶಿರಾ ತಟ್ಟೆಗೆ ಬೀಳುವಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ಸಾಲು ಮುಗಿದಿತ್ತು. ಈ ಕಡೆಯಿಂದ ನೋಡಿದರೆ ನೆರಳು ಹರಿದ ಚಾಪೆಯಂತಿತ್ತು. ಅದು ಬಂಡೆಯ ಏಣು.

ಎಲ್ಲರೂ ತಲೆ ತಗ್ಗಿಸಿ ಕುಳಿತಾಗ ಪರೇರಾ ಚಮಚ ಎತ್ತಿಕೊಂಡರು. “ತಿನ್ನಿ, ತಿನ್ನಿ. ಈ ಕಲ್ಲಿಗೂ ಯಾರಾದರೂ ಹುಟ್ಟುಹಬ್ಬ ಮಾಡಬೇಕಲ್ಲ.” ಅಂದಿನಿಂದ ಎರಡೂ ಕಡೆಯಿಂದ ನೋಡುವ ತನಕ ‘ಹಡಗು’ ಎಂಬ ಪದ ಬಾಯಿಗೆ ತರುವಂತಿರಲಿಲ್ಲ. ‘ಅದು’ ಎನ್ನಬೇಕಿತ್ತು. ಈಗಲೂ ಮನೆಯಲ್ಲಿ ಕಳೆದ ಕನ್ನಡಕ ಸಿಕ್ಕರೆ ನಾನು ಮೊದಲು ‘ಅದು’ ಎನ್ನುತ್ತೇನೆ. ಹೆಂಡತಿ ಬೈಯುತ್ತಾಳೆ.

ನಿಜವಾಗಿ ಹೇಳಬೇಕಾದದ್ದು ದುರುಗಮ್ಮ ಅಕ್ಕೋರ ವಿಷಯ.

ಮಸ್ಕಿಯ ಪ್ರಾಥಮಿಕ ಶಾಲೆಯಲ್ಲಿ ಅವರು ನನಗೆ ಭೂಗೋಳ ಕಲಿಸಿದವರು. ನಿವೃತ್ತರಾದ ಮೇಲೆ ಲಿಂಗಸುಗೂರಿನಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ ಕಟ್ಟಿಕೊಂಡಿದ್ದರು. ಒಮ್ಮೆ ರಜೆಗೆ ಬಂದಾಗ ನೋಡಲು ಹೋದೆ.

“ಏನ್ ಮಾಡಾಕತ್ತೀಯಲೇ ಮೌನೇಶಾ ಈಗ?”

“ಸಮುದ್ರದಾಗ ಮುಳುಗಿದ ಹಡಗ ಹುಡುಕ್ತೀನ್ರೀ ಅಕ್ಕೋರ.”

“ನಕಾಶಾದಾಗ ತುಂಗಭದ್ರಾ ತೋರ್ಸೋ ಅಂದ್ರ ಕೃಷ್ಣಾ ಮ್ಯಾಲೆ ಬಟ್ಟು ಇಡ್ತಿದ್ದಿ. ನಿನ್ನ ಕೈಯಾಗ ಹಡಗ ಕೊಟ್ಟಾರ?”

“ಕೊಟ್ಟಿಲ್ರೀ. ಕಳದಾರ. ಹುಡುಕು ಅಂದಾರ.”

ಅವರು ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ಒಲೆಯ ಮೇಲಿದ್ದ ಹಾಲು ಇಳಿಸಿ, ಬಂದು, ಹೊಸ ಮಾತೇನಲ್ಲ ಎಂಬಂತೆ ಹೇಳಿದರು. “ನಮ್ಮಪ್ಪನೂ ಒಂದ್ ಹಡಗದಾಗ ಇದ್ದ. ಅದೂ ಮುಳುಗೇತಿ.”

ಅವರ ತಂದೆಯ ಹೆಸರು ಹುಸೇನಪ್ಪ. ಅಕ್ಕೋರು ಹೊಟ್ಟೆಯಲ್ಲಿದ್ದಾಗ ಮುಂಬೈಗೆ ದುಡಿಯಲು ಹೋದವನು, ಅಲ್ಲಿಂದ ಸಾಮಾನು ಸಾಗಿಸುವ ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದ. ಎರಡನೇ ಮಹಾಯುದ್ಧ ನಡೆದಿತ್ತು. ಸುದ್ದಿ ನಿಂತಿತು. ಯುದ್ಧ ಮುಗಿದ ಮೇಲೆ ಮುದಗಲ್ಲಿನ ಒಬ್ಬ ಕೂಲಿಯವನು ಮುಂಬೈ ಬಂದರಿನಿಂದ ಬಂದು, ಹುಸೇನಪ್ಪನ ಹಡಗನ್ನು ಟಾರ್ಪಿಡೊ ಹೊಡೆದು ಮುಳುಗಿಸಿದರು ಎಂದ. ಹಡಗಿನ ಹೆಸರೂ ಹೇಳಿದ. ಇನ್ನೊಂದು ಸಲ ಕೇಳಿದಾಗ ಬೇರೆ ಹೆಸರು ಹೇಳಿದ. ಆ ಎರಡೂ ಒಂದೇ ಕಾರ್ಖಾನೆಯಲ್ಲಿ, ಒಂದೇ ಅಚ್ಚಿನಲ್ಲಿ ತಯಾರಾದ ಅಕ್ಕತಂಗಿ ಹಡಗುಗಳು. ಎರಡೂ ಅದೇ ಯುದ್ಧದಲ್ಲಿ, ಅದೇ ಸಮುದ್ರದಲ್ಲಿ ಮುಳುಗಿದವು. ಇದು ನನಗೆ ಆಮೇಲೆ ತಿಳಿಯಿತು. ಊರಿನಲ್ಲಿ ಇನ್ನೂ ಒಂದು ಮಾತಿತ್ತು. ಅವನು ಸತ್ತಿಲ್ಲ, ರಂಗೂನಿನಲ್ಲಿ ಬೇರೆ ಸಂಸಾರ ಹೂಡಿದ್ದಾನೆ ಎಂದು.

“ನಮ್ಮವ್ವ ಬಳಿ ತೆಗೀಲಿಲ್ಲಪಾ,” ಎಂದರು ಅಕ್ಕೋರು. “ಹಸಿರ ಬಳಿ ಮ್ಯಾಲೇ ಆಕೀನ ಮಣ್ಣು ಮಾಡೀವಿ. ನಾ ಹಿಡಿ ಮಣ್ಣು ಹಾಕೀನಿ ಆಕಿಗೆ. ಅಪ್ಪಗ ಹಾಕಿಲ್ಲ.”

ನಮ್ಮ ಮನೆತನಗಳಲ್ಲಿ ಸತ್ತವರನ್ನು ಹೂಳುತ್ತೇವೆ. ಕುಣಿಗೆ ಇಳಿಸಿದ ಮೇಲೆ ಮಕ್ಕಳು ಮೊದಲು, ಆಮೇಲೆ ಉಳಿದವರು, ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ದೂರದ ಊರಿನಿಂದ ತಡವಾಗಿ ಬಂದವರು ಮರುದಿನವಾದರೂ ಹೋಗಿ ಹಾಕಿ ಬರುತ್ತಾರೆ. ತಡವಾದರೆ ನಡೆಯುತ್ತದೆ, ಹಾಕದೆ ಇದ್ದರೆ ನಡೆಯುವುದಿಲ್ಲ.

ಮುಂದಿನ ಸಲ ಹೋದಾಗ ಅವರು ಒಂದು ಹಳೆಯ ಅಡಿಕೆ ಡಬ್ಬಿ ಕೊಟ್ಟರು. ಒಳಗೆ ಎರೆಮಣ್ಣು. ತಾಯಿಯ ಗೋರಿಯ ಮೇಲಿನದು.

“ಸಿಕ್ಕರ ಹಾಕು. ಸಿಗದಿದ್ರ ವಾಪಸ್ ತಗೊಂಬಾ.”

“ಅಕ್ಕೋರ, ನಾವ್ ಹುಡುಕೋದು ರೊಕ್ಕ ಕೊಟ್ಟ ಮಂದಿ ಹೇಳಿದ ಹಡಗ. ನಿಮ್ಮಪ್ಪಂದು ಅದರಾಗ ಸಿಗೂದು ಕಷ್ಟರೀ. ಸಿಕ್ಕರೂ ಅವರೇ ಇದ್ದ ಹಡಗು ಅಂತ ಹೆಂಗ ಹೇಳೂದು? ಬ್ಯಾರೆ ಯಾರ ಮ್ಯಾಲರೆ ಬಿದ್ದರ?”

“ಬೀಳ್ಲಿ ಬಿಡು. ಅವರಿಗೆ ಯಾರ್ ಹಾಕ್ಯಾರ?”

ಆ ಡಬ್ಬಿ ನನ್ನ ಪೆಟ್ಟಿಗೆಯಲ್ಲಿ ಹಲವು ಬಂದರು ನೋಡಿತು. ಒಂದು ದೇಶದ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಕೈಗವಸು ಹಾಕಿಕೊಂಡು ಮುಚ್ಚಳ ತೆಗೆದ. ಏನಿದು ಎಂದ. ಮಣ್ಣು ಎಂದೆ. ಯಾಕೆ ಎಂದ. ಇಂಗ್ಲಿಷಿನಲ್ಲಿ ಹಿಡಿ ಮಣ್ಣಿಗೆ ಪದ ಹುಡುಕಿದೆ. ಬೇಸಾಯ ಎಂದೇನೋ ಅಂದುಬಿಟ್ಟೆ. ಅದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲ. ಹೊರಗಿನ ಮಣ್ಣಿನಲ್ಲಿ ರೋಗ ಬರುತ್ತದೆಂದು ಅದನ್ನು ಚೆಲ್ಲಿಸಿ, ಖಾಲಿ ಡಬ್ಬಿ ಕೈಗಿತ್ತರು.

ಅಕ್ಕೋರಿಗೆ ಹೇಗೆ ಹೇಳಲಿ ಎಂದು ರಜೆಯ ಅರ್ಧ ಕಳೆದೆ. ಹೇಳಿದರೆ ಅವರು, “ಲಿಂಗಸೂರಾಗ ಮಣ್ಣಿಗೆ ಬರ ಬಂದೇತೇನಲೇ? ತಾ ಡಬ್ಬಿ,” ಎಂದು ಚಪ್ಪಲಿ ಮೆಟ್ಟಿಕೊಂಡರು. ಇಬ್ಬರೂ ಆಟೋದಲ್ಲಿ ಗೋರಿಗೆ ಹೋಗಿ ಮತ್ತೆ ತುಂಬಿಕೊಂಡು ಬಂದೆವು. ಆಟೋದವನು ವಾಪಸ್ಸು ಬರುವಾಗ, “ಯಾರ್ ಹೋದ್ರೀ ಅಕ್ಕೋರ?” ಎಂದು ಕೇಳಿದ. “ನಮ್ಮಪ್ಪ,” ಎಂದರು. ಎಪ್ಪತ್ತು ದಾಟಿದ ಹೆಂಗಸು ಹೇಳಿದ್ದಕ್ಕೆ ಅವನು ಗಾಡಿ ನಿಧಾನ ಮಾಡಿದ.

ಕೊನೆಗೆ ಆ ನೆರಳು. ನಾವು ಹುಡುಕುತ್ತಿದ್ದುದು ಒಂದು ಯುದ್ಧನೌಕೆಯನ್ನು. ಎಲ್ಲಿ, ಯಾರಿಗಾಗಿ ಎಂದು ಬರೆಯಲು ಕರಾರು ಬಿಡುವುದಿಲ್ಲ. ಪರದೆಯಲ್ಲಿ ಕಂಡ ‘ಅದು’ ಗಿಡ್ಡ, ಅಗಲ, ಫಿರಂಗಿಯ ಗೋಪುರಗಳಿಲ್ಲ. ಎರಡೂ ಕಡೆಯಿಂದ ನೋಡಿದೆವು. ಹಡಗೇ. ಸಾಮಾನಿನ ಹಡಗು. ಪರೇರಾ ನಕಾಶೆಯ ಮೇಲೆ ಒಂದು ಸಂಖ್ಯೆ ಬರೆದು, “ನಮ್ಮದಲ್ಲ. ಮುಂದಿನ ಸಾಲು,” ಎಂದರು. ನಮ್ಮ ಕೆಲಸದಲ್ಲಿ ಹೀಗೇ. ಕೇಳಿದ್ದು ಸಿಗದೆ ಬೇರೆಯದು ಸಿಕ್ಕರೆ ಅದಕ್ಕೊಂದು ಸಂಖ್ಯೆ ಕೊಟ್ಟು ಬಿಟ್ಟು ಹೋಗುತ್ತೇವೆ. ಯಾರದೋ ಊರಿನಲ್ಲಿ ಯಾರೋ ಅದಕ್ಕಾಗಿ ಕಾಯುತ್ತಿರಬಹುದು ಎಂದುಕೊಂಡರೆ ಒಂದು ಸಾಲೂ ಮುಗಿಯುವುದಿಲ್ಲ.

ನಾನು ಉದ್ದಗಲ ಅಳೆದೆ. ಅಕ್ಕತಂಗಿ ಹಡಗುಗಳ ನಕ್ಷೆ ನನ್ನ ಬಳಿ ಇತ್ತು, ಅಕ್ಕೋರಿಗಾಗಿ ಎಂದೋ ತರಿಸಿಟ್ಟದ್ದು. ಅಳತೆ ಕೂಡಿತು. ಡಬ್ಬಿ ತೆಗೆದುಕೊಂಡು ಹೋಗಿ ಪರೇರಾ ಮೇಜಿನ ಮೇಲಿಟ್ಟು, ಎಲ್ಲ ಹೇಳಿದೆ. ಅವರು ಮುಚ್ಚಳ ತೆಗೆದು ನೋಡಿ ಮುಚ್ಚಿದರು.

“ಕಂಪನಿಯ ದಿನ ಹಾಳು ಮಾಡಲು ನನಗೆ ಅಧಿಕಾರ ಇಲ್ಲ, ಮೌನೇಶ್.”

“ಗೊತ್ತು ಸರ್.”

ಮರುದಿನವೋ ಅದರ ಮರುದಿನವೋ, ಬೆಳಗಿನ ತಿಂಡಿಯ ಹೊತ್ತಿಗೆ ಅವರು ಸೆಲ್ವಿಯನ್ನು ಕರೆದರು. ಸೆಲ್ವಿ ತೂತ್ತುಕುಡಿಯವಳು, ಕ್ಯಾಮೆರಾ ಮತ್ತು ಎರಡು ಕಬ್ಬಿಣದ ಕೈಗಳಿರುವ, ತಳಕ್ಕಿಳಿಯುವ ಯಂತ್ರವನ್ನು ಹಡಗಿನಲ್ಲೇ ಕುಳಿತು ನಡೆಸುವವಳು. ಯಂತ್ರದ ಕ್ಯಾಮೆರಾ ಕೆಟ್ಟು ಆಗಷ್ಟೇ ರಿಪೇರಿಯಾಗಿತ್ತು. ರಿಪೇರಿಯಾದ ಯಂತ್ರವನ್ನು ಒಮ್ಮೆ ಇಳಿಸಿ ಪರೀಕ್ಷೆ ಮಾಡಲೇಬೇಕು, ಅದು ನಿಯಮ.

“ಎಲ್ಲಾದರೂ ಇಳಿಸಬೇಕಲ್ಲ,” ಎಂದರು ಪರೇರಾ, ನನ್ನ ಕಡೆ ನೋಡದೆ. “ಆ ಸಂಖ್ಯೆಯ ಮೇಲೇ ಇಳಿಸೋಣ. ಒಂದೇ ಸಲ.”

ಮುಳುಗಿದ ಹಡಗನ್ನು ಮುಟ್ಟಬಾರದು, ಅಲ್ಲಿಂದ ಏನನ್ನೂ ತರಬಾರದು. ಅದು ಸತ್ತವರ ಜಾಗ. ಹೊಸಬರೇ, ಈ ನಿಯಮವನ್ನು ಮಾತ್ರ ಎಂದೂ ಅನುಮಾನಿಸಬೇಡಿ. ಏನಾದರೂ ಬಿಡಬಹುದೇ ಎಂದು ನಾನು ಕೇಳಿದೆ. ಪರೇರಾ, “ಬಿಡಬಾರದೆಂದು ಬರೆದದ್ದು ನಾನು ಓದಿಲ್ಲ,” ಎಂದರು. ಅಥವಾ, “ನಾನು ಓದಲು ಹೋಗುವುದಿಲ್ಲ,” ಎಂದರು. ಎರಡೂ ಅವರು ಆಡಬಹುದಾದ ಮಾತೇ.

ಡಬ್ಬಿ ಬೇಡ ಎಂದಳು ಸೆಲ್ವಿ. ಒಳಗೆ ಗಾಳಿ ಇದ್ದರೆ ಅಷ್ಟು ಆಳದ ಒತ್ತಡಕ್ಕೆ ಅಪ್ಪಚ್ಚಿಯಾಗುತ್ತದೆ. ಬಟ್ಟೆಯಲ್ಲಿ ಕಟ್ಟೋಣ. ಒಗೆದ ಕರ್ಚೀಫು ಕೊಟ್ಟೆ. ಮಣ್ಣು ಸುರಿದು, ಎಳೆದರೆ ಬಿಚ್ಚುವ ಗಂಟು ಹಾಕಿ, ಯಂತ್ರದ ಎಡಗೈಗೆ ಕಟ್ಟಿದಳು. ಕೆಳಗೆ ಹೋದ ಮೇಲೆ ಬಲಗೈ ಗಂಟಿನ ಬಾಲ ಎಳೆಯಬೇಕು. ಡೆಕ್ಕಿನ ಮೇಲೆ ಉಸುಕು ತುಂಬಿ ಅಭ್ಯಾಸ ಮಾಡಿದೆವು. ಗಂಟು ಚೆನ್ನಾಗಿ ಬಿಚ್ಚಿತು. ಇಡೀ ಹಡಗು ಆ ಗಂಟಿನ ಬಗ್ಗೆ ಸಲಹೆ ಕೊಟ್ಟಿತು, ಅಡುಗೆಯವನೂ ಕೊಟ್ಟ.

ಯಂತ್ರ ಇಳಿಯಿತು. ನೀಲಿ, ಕಡುನೀಲಿ, ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಕ್ಯಾಮೆರಾದ ಮುಂದೆ ಹಿಟ್ಟಿನಂತಹ ಕಣಗಳು ಮಾತ್ರ. ತಳ ಕಂಡಾಗ ಮಾಸಲು ಬಿಳಿ ಕೆಸರಿನ ಮೇಲೆ ಕಪ್ಪು ಹೆಂಟೆಗಳು ಚೆಲ್ಲಿದ್ದವು. ಮಣ್ಣು ನಮಗಿಂತ ಮುಂಚೆ ಬಂದುಬಿಟ್ಟಿದೆ ಎಂದು ಒಂದು ಕ್ಷಣ ಅನ್ನಿಸಿತು. ಅದು ಕಲ್ಲಿದ್ದಲು. ಹಡಗಿನ ಹೊಟ್ಟೆ ಒಡೆದು ಚೆಲ್ಲಿದ್ದು, ಯಾರೋ ಒಲೆಗೆ ಹಾಕಬೇಕಾಗಿದ್ದದ್ದು.

ಹಡಗು ನೆಟ್ಟಗೆ ಕುಳಿತಿತ್ತು. ತುಕ್ಕು ಜಡೆಜಡೆಯಾಗಿ ಇಳಿಬಿದ್ದಿತ್ತು. ಮೂತಿಯ ಮೇಲೆ ಹೆಸರಿರಲಿಲ್ಲ. ಯುದ್ಧಕಾಲದಲ್ಲಿ ಹೆಸರುಗಳ ಮೇಲೆ ಬೂದು ಬಣ್ಣ ಬಳಿಯುತ್ತಿದ್ದರು. ಎರಡು ಹಡಗುಗಳಿಗೆ ಇದ್ದ ಒಂದೇ ವ್ಯತ್ಯಾಸ ಹಿಂಭಾಗದಲ್ಲಿ. ಒಂದಕ್ಕೆ ಅಲ್ಲಿ ಫಿರಂಗಿಯ ಕಟ್ಟೆ ಕೂಡಿಸಿದ್ದರು, ಇನ್ನೊಂದಕ್ಕೆ ಇರಲಿಲ್ಲ. ಸೆಲ್ವಿ ಯಂತ್ರವನ್ನು ಹಿಂದಕ್ಕೆ ಒಯ್ದಳು. ಹಿಂಭಾಗವೇ ಇರಲಿಲ್ಲ. ಕಿತ್ತುಹೋಗಿ ಎಲ್ಲೋ ಬಿದ್ದಿತ್ತು.

“ಹೊತ್ತಾಯಿತು,” ಎಂದರು ಪರೇರಾ, ಮೆಲ್ಲಗೆ. “ಮಣ್ಣು ಹಾಕಿ.”

ಬಾಯ್ಲರು ಕಾಣುವ ಬಿರುಕಿನ ಪಕ್ಕ ಯಂತ್ರ ನಿಂತಿತು. ಮಡಿಚಿಟ್ಟ ಎಡಗೈಯನ್ನು ಸೆಲ್ವಿ ಕ್ಯಾಮೆರಾದ ಮುಂದೆ ತಂದಳು. ಗಂಟು ಹಾಕಿದ ಹಾಗೇ ಇತ್ತು. ಕರ್ಚೀಫು ಚಪ್ಪಟೆಯಾಗಿ ಜೋತುಬಿದ್ದಿತ್ತು, ಒಂದು ಕಂದು ಕಲೆ ಬಿಟ್ಟು ಒಳಗೆ ಏನೂ ಇರಲಿಲ್ಲ.

ಒತ್ತಡದ ಲೆಕ್ಕ ಹಾಕಿದ್ದೆವು, ಗಂಟಿನ ಲೆಕ್ಕ ಹಾಕಿದ್ದೆವು. ಎರೆಮಣ್ಣು ನೀರು ಕಂಡರೆ ಕರಗಿ ರಾಡಿಯಾಗುತ್ತದೆ, ಎಳೆಯ ಸಂದಿಯಲ್ಲಿ ಸೋರಿಹೋಗುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಮೊದಲ ಮಳೆಗೆ ಹೊಲದಿಂದ ಹೊರಬರಲಾಗದೆ ಕಾಲು ಕಿತ್ತು ಕಿತ್ತು ನಡೆದವನು ನಾನು, ನನಗೂ ಹೊಳೆಯಲಿಲ್ಲ. ಅಭ್ಯಾಸ ಮಾಡಿದ್ದು ಉಸುಕಿನಲ್ಲಿ, ಅದೂ ಒಣಗಿದ ಡೆಕ್ಕಿನ ಮೇಲೆ. ಇಳಿಯುವಾಗ ಆ ಕೈ ಕ್ಯಾಮೆರಾದ ಕಣ್ಣಿಗೆ ಮರೆಯಾಗಿತ್ತು. ಮೇಲಿನ ಅಲೆಗಳಲ್ಲೇ ಹೋಯಿತೋ, ನಡುದಾರಿಯಲ್ಲೋ, ಹಡಗಿನ ಮೇಲೆ ಬಂದ ಮೇಲೋ, ಹೇಳುವಂತಿಲ್ಲ. ಆದರೂ ಸೆಲ್ವಿ ಗಂಟಿನ ಬಾಲ ಎಳೆದಳು. ಬಟ್ಟೆ ಬಿಚ್ಚಿಕೊಂಡಿತು. ಅದನ್ನು ಅಲ್ಲಿ ಬೀಳಿಸದೆ ಹಿಡಿದುಕೊಂಡೇ ಮೇಲೆ ತಂದಳು.

ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ನಾನು ಅಕ್ಕೋರಿಗೆ ಹೇಳಲು ಒಂದು ಸಣ್ಣ, ಚೆಂದದ ಕತೆ ಹೊಂದಿಸುತ್ತಿದ್ದೆ. ಹಡಗು ಸಿಕ್ಕಿತು, ಮಣ್ಣು ಹಾಕಿದೆ. ಎರಡೇ ಮಾತು. ಪೂರ್ತಿ ಸುಳ್ಳೂ ಅಲ್ಲ. ಮನೆಗೆ ಹೋಗಿ ಕುಳಿತು, ಚಪಾತಿ ಲಟ್ಟಿಸುತ್ತಿದ್ದ ಅವರ ಮುಖ ನೋಡಿದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕರ್ಚೀಫಿನ ತನಕ ಬಂದಾಗ ಅವರು ಹಣೆ ಚಚ್ಚಿಕೊಂಡರು.

“ಎರಿ ಮಣ್ಣು ಅರಿವ್ಯಾಗ ಕಟ್ಟಿ ನೀರಾಗ ಬಿಟ್ರೇನಲೇ! ನಿಮ್ಮಪ್ಪ ಏನ್ ಕಲಿಸ್ಯಾನ ನಿನಗ?”

“ಅಲ್ಲಿದ್ದೋರೆಲ್ಲಾ ಎಂಜಿನಿಯರ್ರೀ ಅಕ್ಕೋರ.”

“ಅದಕ್ಕ ಮತ್ತ.” ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ಸುಮ್ಮನೆ ಕೇಳಿದರು. “ಕಡೀಕ ಮುಟ್ಟಿತೇನಪಾ?”

“ಗೊತ್ತಿಲ್ರೀ.”

“ನಮ್ಮಪ್ಪನ ಹಡಗೇನಾ ಅದು?”

“ಅದೂ ಗೊತ್ತಿಲ್ರೀ ಅಕ್ಕೋರ. ಎರಡರಾಗ ಒಂದು ಇರಬಹುದು. ಇಲ್ದನೂ ಇರಬಹುದು.”

ಹೊರಗೆ ಬಸ್ಸುಗಳು ಹಾರ್ನ್ ಹಾಕುತ್ತಿದ್ದವು. ಅವರು ಕೈಯಲ್ಲಿದ್ದ ಲಟ್ಟಣಿಗೆಯನ್ನು ಗೋಡೆಗೆ ಒರಗಿಸಿಟ್ಟರು.

“ಹುಟ್ಟಿದಾಗಿನಿಂದ ಕೇಳಾಕತ್ತೀನಿ. ಮಂದಿಗೆಲ್ಲಾ ಗೊತ್ತಿತ್ತಪಾ. ಸತ್ತಾನ ಅಂದೋರಿಗೂ ಗೊತ್ತಿತ್ತು, ರಂಗೂನಿನಾಗ ಯಾಕೀನೋ ಇಟಗೊಂಡಾನ ಅಂದೋರಿಗೂ ಗೊತ್ತಿತ್ತು. ನೋಡಾಕ ಯಾರೂ ಹೋಗಿದ್ದಿಲ್ಲ. ನೀ ಹೋಗಿ ಬಂದು ಗೊತ್ತಿಲ್ಲ ಅಂದಿ.”

ಎದ್ದು ಬಚ್ಚಲಿಗೆ ಹೋದವರು ತಂಬಿಗೆಯಲ್ಲಿ ನೀರು ತಂದರು.

“ಏಳು, ಹೊರಗ ನಡಿ.”

“ಯಾಕ್ರೀ?”

“ಯಾಕಂತ ಕೇಳ್ತಾನ. ಮಣ್ಣಿಗೆ ಹೋಗಿ ಬಂದಾಂವ ಕಾಲಿಗೆ ನೀರ ಹಾಕ್ಕೊಳ್ಳದ ಒಳಗ ಬಂದು ಕುಂತೀಯಲ್ಲ. ನಡಿ.”

ಹೂಳಿ ಬಂದವರು ಕಾಲು ತೊಳೆಯದೆ ಹೊಸ್ತಿಲು ದಾಟುವುದಿಲ್ಲ. ನಾನು ಅಂಗಳಕ್ಕೆ ಹೋಗಿ ಪ್ಯಾಂಟು ಮಡಿಚಿ ನಿಂತೆ. ಅಕ್ಕೋರು ಬಗ್ಗಿ, ಮೊದಲು ನನ್ನ ಕಾಲಿಗೆ, ಆಮೇಲೆ ತಮ್ಮ ಕಾಲಿಗೆ ನೀರು ಸುರಿದರು.

ಪರೇರಾ ಈಗಿಲ್ಲ. ಆ ದಿನದ ಚಿತ್ರಗಳು ಕಂಪನಿಯ ಬಳಿ ಇರಬೇಕು, ನನಗೆ ನೋಡಲು ಸಿಗುವುದಿಲ್ಲ. ಹಡಗಿನ ಹಿಂಭಾಗ ಹುಡುಕಲು ಆಮೇಲೆ ಯಾರೂ ಹೋದಂತಿಲ್ಲ. ಹುಸೇನಪ್ಪ ಅದರಲ್ಲಿದ್ದನೇ, ಆ ಹಿಡಿ ಮಣ್ಣು ಯಾವ ಆಳದಲ್ಲಿ ಯಾವ ಕಡೆಗೆ ಹರಿದುಹೋಯಿತು, ಅದು ಅಕ್ಕನೋ ತಂಗಿಯೋ ಅಥವಾ ಅದೇ ಅಳತೆಯ ಬೇರೆ ಯಾವುದೋ ಹಡಗೋ, ನನಗೆ ಗೊತ್ತಿಲ್ಲ.